ನೀಲಗಿರಿ ಬೊಡ್ಡೆ ಸುಡಲು ಪಂಚಾಯಿತಿ ಒಪ್ಪಿಗೆ: ಮೂರನೇ ಅರ್ಜಿಗೆ ಸಿಕ್ಕಿದ್ದು ಹೀಗೆ

ನೀಲಗಿರಿ ತೆಗೆಸಿದ ಹೊಲದ ಬೊಡ್ಡೆ, ಬೇರು ಸುಡಲು ಪಂಚಾಯಿತಿಯಿಂದ ಲಿಖಿತ ಒಪ್ಪಿಗೆ ಸಿಗುವುದೇ ಇಲ್ಲ ಎಂದು ನಮ್ಮ ಮುಳಬಾಗಿಲು ಕಡೆ ಎಲ್ಲರದೂ ಒಂದೇ ಮಾತು. ನಮಗೆ ಸಿಕ್ಕಿತು. ಸುಟ್ಟ ಮೇಲೆ ಒಂದು ದೂರೂ ಬರಲಿಲ್ಲ.

ಮೊದಲ ಎರಡು ಅರ್ಜಿ ಬಿದ್ದುಹೋಗಲು ಒಂದು ಪದ ಸಾಕಾಯಿತು. ‘ಮರದ ತ್ಯಾಜ್ಯ ಸುಡಲು ಅನುಮತಿ ಕೋರಿ’ ಎಂದು ಬರೆದಿದ್ದೆವು. ತ್ಯಾಜ್ಯ ಅಂದ ಕೂಡಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2016ರ ಆದೇಶ ಮೇಜಿನ ಮೇಲೆ ಬರುತ್ತದೆ: ಬಯಲಲ್ಲಿ ಕಸ ಸುಟ್ಟರೆ 5,000, ದೊಡ್ಡ ಪ್ರಮಾಣವಾದರೆ 25,000 ರೂಪಾಯಿ ದಂಡ. ಯಾವ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತಾನೇ ಸಹಿ ಹಾಕುತ್ತಾರೆ? ಪದ ತಿದ್ದಿದರೆ ಸಾಲದು, ಸುಡುವ ರೀತಿಯನ್ನೇ ಬದಲಿಸಬೇಕು ಎನ್ನುವುದು ಆಮೇಲೆ ಅರ್ಥವಾಯಿತು. ಜೆಸಿಬಿಯಲ್ಲಿ ತಳ್ಳಿ ಮಣ್ಣು ಸಮೇತ ಗುಡ್ಡೆ ಹಾಕಿ ಬೆಂಕಿ ಇಟ್ಟರೆ ಒಳಗೆ ಗಾಳಿಯಾಡುವುದಿಲ್ಲ. ಹತ್ತು ಹನ್ನೆರಡು ದಿನ ಹೊಗೆಯಾಡುತ್ತದೆ. ಬೇರಿನ ಜಾಡು ಹಿಡಿದು ಕೆಂಡ ನೆಲದೊಳಗೆ ಸಾಗಿ, ಬೂದಿ ಮುಚ್ಚಿದ ಟೊಳ್ಳಿನಲ್ಲಿ ದನದ ಕಾಲು ಇಳಿಯುತ್ತದೆ. ಸಭೆಯಲ್ಲಿ ಸದಸ್ಯರು ಹೆದರುವುದು ಇದಕ್ಕೇ, ಆ ಹೆದರಿಕೆ ನ್ಯಾಯವಾದದ್ದೇ.

ಮೂರನೇ ಅರ್ಜಿಯಲ್ಲಿ ‘ಗುಂಡಿಯಲ್ಲಿ ಇದ್ದಿಲು ಮಾಡಲು’ ಎಂದು ಬರೆದು, ಮಾಡುವ ವಿಧಾನವನ್ನು ಒಂದು ಪುಟದಲ್ಲಿ ಲಗತ್ತಿಸಿದೆವು. ಜೊತೆಗೆ ಪಹಣಿ, ಕೈಯಲ್ಲಿ ಬರೆದ ನಕ್ಷೆ, ಸುತ್ತಲಿನ ನಾಲ್ವರ ಸಹಿ. ನಕ್ಷೆಯಲ್ಲಿ ಬೆಸ್ಕಾಂ ಲೈನು, ಹುಲ್ಲಿನ ಬಣವೆ, ಪಕ್ಕದ ತೋಟದ ಡ್ರಿಪ್ ಪೈಪು, ರೇಷ್ಮೆ ಹುಳು ಸಾಕುವ ಮನೆ, ಎಲ್ಲಕ್ಕೂ ಅಡಿ ಲೆಕ್ಕದಲ್ಲಿ ದೂರ ಹಾಕಿದೆವು. ಸ್ಥಳ ಪರಿಶೀಲನೆಗೆ ಬಂದವರು ಆ ಕಾಗದ ಹಿಡಿದೇ ಹೊಲ ಸುತ್ತಿದರು. ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಜಾತಿಗಳು. ರಾಶಿಯಲ್ಲಿ ಬೇರೆ ಜಾತಿಯ ದಿಮ್ಮಿ ಒಂದು ಕಂಡರೂ ಪ್ರಶ್ನೆ ಏಳುತ್ತದೆ, ಮೊದಲೇ ಬೇರೆ ಇಡಿ.

ಸಹಿ ಸುಲಭವಾಗಿ ಸಿಗಲಿಲ್ಲ. ಹಿಪ್ಪುನೇರಳೆಯವರಿಗೆ ಸೊಪ್ಪಿನ ಮೇಲೆ ಹೊಗೆ ಕೂರುವ ಭಯ, ಮಾವಿನವರಿಗೆ ಹೂವಿನ ಭಯ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ತಿನ್ನುವ ದಿನಗಳಲ್ಲಿ ಬೆಂಕಿ ಮಾತೇ ಎತ್ತಬೇಡಿ. ಗೂಡು ಬಿಡಿಸಿ ಮನೆ ತೊಳೆಯುವ ವಾರ ಕೇಳಿಕೊಂಡು ಆ ದಿನಾಂಕವನ್ನೇ ಅರ್ಜಿಯಲ್ಲಿ ಬರೆದೆವು. ಜನವರಿಯಲ್ಲಿ ಮೂಡಣ ಗಾಳಿ, ಹೊಗೆ ಪಡುವಲಕ್ಕೆ ಹೋಗುತ್ತದೆ. ನಮಗೆ ಆ ಕಡೆ ಖಾಲಿ ರಾಗಿ ಹೊಲ ಇತ್ತು.

ಖರ್ಚಿನ ವಿಷಯ. ಎಕರೆಗೆ ಎಂಟುನೂರು ಒಂಬೈನೂರು ಬೊಡ್ಡೆ, ಜೆಸಿಬಿ ಗಂಟೆಗೆ 1,200ರಂತೆ ಸುಮಾರು ನಲವತ್ತು ಸಾವಿರ ಆಯಿತು. ದಪ್ಪ ಬೊಡ್ಡೆಯನ್ನು ಮಾಲೂರು ಕಡೆಯ ಇಟ್ಟಿಗೆ ಗೂಡಿನವರು ಒಯ್ದಿದ್ದರಿಂದ ಅರ್ಧದ ಹತ್ತಿರ ವಾಪಸ್ ಬಂತು. ಯಾರಿಗೂ ಬೇಡವಾದ ಸೀಳು ಬೇರು, ತುದಿ ಕೊಂಬೆ ಎಕರೆಗೆ ಆರೇಳು ಟ್ರ್ಯಾಕ್ಟರ್ ಲೋಡು. ಅರ್ಜಿಯಲ್ಲಿ ತೋರಿಸಿದ್ದು ಇಷ್ಟನ್ನೇ. ಮಾರಿದ್ದರ ಚೀಟಿ ಜೊತೆಗಿಟ್ಟದ್ದು ಸಭೆಯಲ್ಲಿ ಬಹಳ ಕೆಲಸ ಮಾಡಿತು.

ಗುಂಡಿ ಇಪ್ಪತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳ, ಗಾಳಿಗೆ ಅಡ್ಡಲಾಗಿ. ತೆಗೆದ ಮಣ್ಣೆಲ್ಲ ಒಂದೇ ದಡದಲ್ಲಿರಲಿ. ಬೇರಿನ ಮಣ್ಣು ಬಡಿದು, ಕನಿಷ್ಠ ನಾಲ್ಕು ತಿಂಗಳು ಒಣಗಿಸಿ. ಮುರಿದರೆ ಪಟ್ ಎನ್ನಬೇಕು, ಬಗ್ಗಿದರೆ ಇನ್ನೂ ಹಸಿ. ತಳದಲ್ಲಿ ಒಂದಡಿ ಸಣ್ಣ ಕಟ್ಟಿಗೆ ಅಡ್ಡಡ್ಡ ಜೋಡಿಸಿ ಮೇಲಿನಿಂದ ಬೆಂಕಿ ಕೊಡಿ. ಕೆಳಗಿನಿಂದ ಕೊಟ್ಟರೆ ಹೊಗೆ ಮೊದಲು, ಉರಿ ಆಮೇಲೆ. ಟೈರು, ಡೀಸೆಲ್ ಬೇಡ. ನೀಲಗಿರಿಯ ಒಣ ಎಲೆಯಲ್ಲಿ ಎಣ್ಣೆ ಇರುತ್ತದೆ, ಭಗ್ಗನೆ ಹತ್ತಿ ಕಿಡಿ ಹಾರಿಸುತ್ತದೆ, ಗುಂಡಿಗೆ ಅದೂ ಬೇಡ. ಹೊತ್ತಿಸುವ ಕಂತೆಯಲ್ಲಿ ನಾವು ಏನು ಸೇರಿಸುತ್ತೇವೆ ಎಂಬುದು ನಮ್ಮಲ್ಲೇ ಇರಲಿ.

ಇಡೀ ಕೆಲಸ ನಿಂತಿರುವುದು ಮೇಲಿನ ಕಟ್ಟಿಗೆಯ ಬಣ್ಣದ ಮೇಲೆ. ಕಪ್ಪಾಗಿ ಹೊಳೆಯುತ್ತಿದ್ದರೆ ಕಾಯಬೇಕು. ಅದರ ಮೈಗೆ ವಿಭೂತಿ ಬಳಿದಂತೆ ತೆಳ್ಳನೆಯ ಬಿಳಿ ಬಂದ ಗಳಿಗೆಯಲ್ಲಿ ಮುಂದಿನ ಪದರ ಹಾಕಬೇಕು. ಮುಂಚೆ ಹಾಕಿದರೆ ಉರಿ ಉಸಿರುಗಟ್ಟಿ ಹೊಗೆ, ತಡವಾದರೆ ಇದ್ದಿಲೆಲ್ಲ ಬೂದಿ. ತೊಡೆಗಿಂತ ದಪ್ಪದ್ದು ಗುಂಡಿಗೆ ಇಳಿಯಕೂಡದು, ಅದನ್ನು ಸೀಳಿಯೇ ಹಾಕಬೇಕು. ಮಂಜು ಹರಿಯದೆ ಹಚ್ಚಿದರೆ ಹೊಗೆ ಊರ ಮೇಲೆಯೇ ಕೂರುತ್ತದೆ. ಆದ್ದರಿಂದ ಹತ್ತಕ್ಕೆ ಹಚ್ಚಿ, ಮೂರಕ್ಕೆ ಕೊನೆಯ ಪದರ.

ಆರಿಸಲು 5,000 ಲೀಟರಿನ ಟ್ಯಾಂಕರ್ ಪೂರ್ತಿ ಖರ್ಚಾಯಿತು. ಅಂಚಿನಿಂದ ನಿಧಾನ ಬಿಡಿ, ನಡುವಿಗೆ ಒಮ್ಮೆಲೇ ಸುರಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಮೊದಲ ಗುಂಡಿಗೆ ಬರೀ ಮಣ್ಣು ಮುಚ್ಚಿದ್ದೆವು, ಮೂರನೇ ದಿನ ತೆರೆದಾಗ ಮತ್ತೆ ಹೊತ್ತಿಕೊಂಡಿತು. ಈಗ ನೀರು ಕೊಟ್ಟು, ಮಗುಚಿ, ಇನ್ನೊಮ್ಮೆ ನೀರು ಕೊಡುತ್ತೇವೆ. ನೆಲದ ಮೇಲೆ ತೆಳ್ಳಗೆ ಹರಡಿ ಎರಡು ರಾತ್ರಿ ಕಳೆದ ಮೇಲೇ ಚೀಲಕ್ಕೆ.

ಮಾರುವ ಬದಲು ಇಪ್ಪತ್ತು ಚೀಲ ಪುಡಿ ಮಾಡಿ ತಿಪ್ಪೆಗೆ ಸೇರಿಸಿ ನೋಡುತ್ತಿದ್ದೇವೆ. ಗೊಬ್ಬರದಲ್ಲಿ ನೆನೆಸದ ಇದ್ದಿಲನ್ನು ನೇರ ರಾಗಿಗೆ ಹಾಕಿದ ಪಟ್ಟಿಯಲ್ಲಿ ಮೊದಲ ವರ್ಷ ಪೈರು ಹಳದಿಯಾಯಿತು, ಗೊಬ್ಬರದಲ್ಲಿ ನೆನೆದದ್ದು ಹಾಗಾಗಲಿಲ್ಲ. ಕೀಳಿಸುವ ಮೊದಲು ಬೊಡ್ಡೆಗೆ ರಂಧ್ರ ಕೊರೆದು ಉಪ್ಪು ತುಂಬಿಯೂ ನೋಡಿದ್ದೆವು. ಚಿಗುರು ನಿಲ್ಲಲಿಲ್ಲ, ಕೂಲಿ ದಂಡ.

ಒಪ್ಪಿಗೆಯ ಷರತ್ತಿನಲ್ಲಿ ಅಗ್ನಿಶಾಮಕ ಠಾಣೆಗೆ ಮುಂಚಿತ ಮಾಹಿತಿ ಎಂದಿತ್ತು, ಪತ್ರದ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗುಂಡಿ ಮುಚ್ಚುವ ಮೊದಲು ತಣ್ಣಗಾದ ತಳದ ಫೋಟೋ ತೆಗೆದು, ಕೆಲಸ ಮುಗಿಯಿತೆಂದು ಒಂದು ಪತ್ರವನ್ನು ಅದೇ ಕಡತಕ್ಕೆ ಕೊಡಿ. ಪಕ್ಕದ ಸರ್ವೆ ನಂಬರಿನವರು ಆಮೇಲೆ ಆ ಪತ್ರದ ನಕಲು ಇಟ್ಟು ಅರ್ಜಿ ಹಾಕಿದರು. ಅವರದು ಮೊದಲ ಸಭೆಯಲ್ಲೇ ಪಾಸಾಯಿತು.