ಕಾಫಿ ಕಣದಿಂದ ಕನ್ನಡ ಪಾಠ: ಶಿಕ್ಷಕರನ್ನು ತಯಾರು ಮಾಡುವುದು ಹೇಗೆ?

ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಈಗ ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳೂ ಇವೆ. ಅವರ ಮಕ್ಕಳು ಮೊದಲು ಕನ್ನಡ ಕಲಿಯಲಿ, ವಿಷಯ ಆಮೇಲೆ ನೋಡೋಣ ಎಂದು ಕೂತರೆ ವರ್ಷವೇ ಕಳೆದುಹೋಗುತ್ತದೆ. ವಿಷಯ ಕಲಿಸುತ್ತಲೇ ಭಾಷೆ ಕಲಿಸಬೇಕು. ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್‌ನಲ್ಲೇ ತರಗತಿ ಶುರು ಮಾಡಿದ್ದು ಇದೇ ನಂಬಿಕೆಯಿಂದ. ಶಿಕ್ಷಕರಿಗೆ ಇದರ ತರಬೇತಿ ಕೊಡುವವರಿಗೆ ನನ್ನ ಕ್ರಮ ಹೇಳುತ್ತೇನೆ.

ಭಾಷಣದಿಂದ ಶುರು ಮಾಡಬೇಡಿ. ಶಿಕ್ಷಕರನ್ನೇ ಮಕ್ಕಳ ಜಾಗದಲ್ಲಿ ಕೂರಿಸಿ, ಗೊತ್ತಿಲ್ಲದ ಭಾಷೆಯಲ್ಲಿ ಪಾಠ ಮಾಡಿ. ನಾನು ಇಂಡೋನೇಷ್ಯನ್ ಆರಿಸುತ್ತೇನೆ. ಅಲ್ಲೂ ನಮ್ಮ ಹಾಗೇ ರೊಬಸ್ಟಾ ಜಾತಿಯ ಕಾಫಿ ಬೆಳೆಯುತ್ತಾರಲ್ವಾ, ಪಾಠದ ಸಾಮಾನು ಕಾಫಿ ಒಣಗಿಸುವ ನಮ್ಮ ಕಣದಲ್ಲೇ ಸಿಗುತ್ತದೆ. ಮೇಜಿನ ಮೇಲೆ ಎರಡು ಮೊರ ಇಡಿ. ಒಂದರಲ್ಲಿ ಆಗ ತಾನೇ ಕುಯ್ದು ತೊಳೆದ ಕಾಫಿ ಹಣ್ಣು, ಇನ್ನೊಂದರಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣು. ಹಸಿಯದನ್ನು ಮುಟ್ಟಿಸಿ ‘ಬಾಸಾಹ್’ ಅನ್ನಿ. ಒಣಗಿದ್ದನ್ನು ಮುಟ್ಟಿಸಿ ‘ಕೆರಿಂಗ್’ ಅನ್ನಿ. ಆಮೇಲೆ ಕೇಳಿ: ‘ಸುದಾಹ್ ಕೆರಿಂಗ್?’ ಒಣಗಿತಾ? ಇನ್ನೂ ಇಲ್ಲ ಎಂದರೆ ‘ಬೆಲುಮ್’. ಮಧ್ಯೆ ಒಂದು ಮಾತೂ ಕನ್ನಡ ಬೇಡ. ಸ್ವಲ್ಪ ಹೊತ್ತಿಗೆಲ್ಲ ಅವರೇ ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು, ಕಿವಿ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ ಉತ್ತರ ಕೊಡುತ್ತಾರೆ. ತಿಳಿಯದ ಭಾಷೆಯಲ್ಲಿ ಕೂತ ಮಗುವಿನ ಕಷ್ಟವೂ ಆಗಲೇ ಅರ್ಥವಾಗುವುದು.

ಪಾಠ ಬರೆಸುವುದು ಇದಾದ ಮೇಲೆ. ಹಾಳೆಯ ಎಡಗಡೆ ವಿಷಯ, ಬಲಗಡೆ ಅದನ್ನು ಹೇಳಲು ಬೇಕಾದ ವಾಕ್ಯ. ಬಲಗಡೆ ತುಂಬ ಜನ ಸುಮ್ನೆ ಪದಗಳ ಪಟ್ಟಿ ಬರೆದುಬಿಡುತ್ತಾರೆ. ಒಪ್ಪಬೇಡಿ, ವಾಕ್ಯವನ್ನೇ ಕೇಳಿ. ‘ಚೆನ್ನಾಗಿ ಒಣಗಿದರೆ ಗಲಗಲ ಅನ್ನುತ್ತದೆ, ಒಣಗದಿದ್ದರೆ ಬೂಷ್ಟು ಬರುತ್ತದೆ.’ ಒಣಗಿಸುವ ಪಾಠ ‘ಒಣಗಿದರೆ, ಒಣಗದಿದ್ದರೆ’ ಎಂಬ ರೂಪವನ್ನು ತಾನೇ ಎಳೆದು ತರುತ್ತದೆ. ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಪಾಠಕ್ಕೆ ‘ಮೊದಲು ಸಿಪ್ಪೆ ಬಿಡಿಸುತ್ತಾರೆ, ಆಮೇಲೆ ತೊಳೆಯುತ್ತಾರೆ’ ಬೇಕು. ಅರೇಬಿಕಾ, ರೊಬಸ್ಟಾ ಎರಡೂ ಜಾತಿಯ ಕಾಫಿ ಎಲೆ ಪಕ್ಕಪಕ್ಕ ಇಟ್ಟರೆ ‘ಇದಕ್ಕಿಂತ ಅದು ಅಗಲ’. ತರಬೇತಿಯ ಜಾಸ್ತಿ ಹೊತ್ತು ಇಲ್ಲೇ ಹೋಗಲಿ.

ಅಭ್ಯಾಸ ಪಾಠದಲ್ಲಿ ಒಬ್ಬರು ಕಲಿಸಲಿ, ಮಿಕ್ಕವರು ಮಕ್ಕಳು ಎಷ್ಟು ಮಾತಾಡಿದರು ಎಂದು ಮಾತ್ರ ಗಮನಿಸಲಿ. ಮಗು ‘ಒಣಗಿಲ್ಲ, ಬೂಷ್ಟು’ ಎಂದರೆ ಅದು ಸರಿಯಾದ ಉತ್ತರವೇ. ‘ಹೌದು ಮರಿ, ಒಣಗದಿದ್ದರೆ ಬೂಷ್ಟು ಬರುತ್ತದೆ’ ಎಂದು ಪೂರ್ತಿ ವಾಕ್ಯ ಹೇಳಿ ಮುಂದೆ ಹೋಗುವುದನ್ನು ರೂಢಿ ಮಾಡಿಸಿ. ಮಕ್ಕಳು ಮೊದಲು ತಮ್ಮತಮ್ಮಲ್ಲೇ ಬಂಗಾಳಿಯಲ್ಲೋ ಅಸ್ಸಾಮಿಯಲ್ಲೋ ಮಾತಾಡಿಕೊಳ್ಳಲಿ. ಅದನ್ನು ತಡೆಯುವ ಶಿಕ್ಷಕರ ಹತ್ತಿರ ನಾನು ವಾದಕ್ಕೇ ನಿಲ್ಲುತ್ತೇನೆ.

ಕಣದ ಪಾಠ ಕುಯ್ಲಿನ ಕಾಲಕ್ಕೆ ಸರಿ. ಜೂನ್‌ನಲ್ಲಿ ಶಾಲೆ ತೆರೆದಾಗ ಮಳೆ ಲೆಕ್ಕ ಹಿಡಿಯಿರಿ. ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರ ಹತ್ತಿರ ದಿನದಿನದ ಮಳೆ ಇಂಚಿನಲ್ಲಿ ಬರೆದಿಟ್ಟ ಪುಸ್ತಕ ಇದ್ದರೆ ಒಂದು ವಾರದ್ದನ್ನು ಬೋರ್ಡಿನ ಮೇಲೆ ಬರೆಸಿ. ಕೂಡುವ ಲೆಕ್ಕ, ‘ನಿನ್ನೆಗಿಂತ ಇವತ್ತು ಜಾಸ್ತಿ’, ಎರಡೂ ಅಲ್ಲೇ ಇವೆ.