ನಾಯಿಬಂಡಿಯ ಓಟವೂ ನಮ್ಮ ಸಂಸಾರವೂ

ನಾಯಿಗಳು ಹಿಮದ ಮೇಲೆ ಎಳೆಯುವ ಜಾರುಬಂಡಿಯೇ ನಾಯಿಬಂಡಿ. ಅದರ ಬಹುದೂರದ ಓಟದ ಫಲಿತಾಂಶಪಟ್ಟಿಯಲ್ಲಿ ಒಬ್ಬರ ಹೆಸರಷ್ಟೇ ಇರುತ್ತದೆ. ಆದರೆ ಆ ಓಟದ ಭಾರವನ್ನು ಹೊರುವುದು ಇಡೀ ಮನೆ, ಅದೂ ವರ್ಷದ ಹನ್ನೆರಡು ತಿಂಗಳು. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ನಗರದ ಪೂರ್ವಕ್ಕಿರುವ ಟೂ ರಿವರ್ಸ್ ಎಂಬ ಊರಿನಲ್ಲಿ ನಾವು ಇಪ್ಪತ್ತೆರಡು ಅಲಾಸ್ಕನ್ ಹಸ್ಕಿ ನಾಯಿಗಳನ್ನು ಸಾಕಿದ್ದೇವೆ. ಬಂಡಿಯ ಹಿಂದೆ ನಿಲ್ಲುವವಳು ನಾನು. ನನ್ನ ಪತಿ ನಗರದ ಶಾಲೆಯೊಂದರಲ್ಲಿ ಅಧ್ಯಾಪಕರು. ಮಗಳಿಗೆ ಈಗ ಒಂಬತ್ತು ವರ್ಷ. ಸಂಸಾರವನ್ನಿಟ್ಟುಕೊಂಡು ಈ ಓಟಕ್ಕೆ ಇಳಿಯುವುದು ಹೇಗೆಂದು ಕೇಳಿದ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜನವರಿಯ ಓಟಕ್ಕೆ ತಯಾರಿ ಶುರುವಾಗುವುದು ಆಗಸ್ಟ್‌ನಲ್ಲಿ. ಹಿಮ ಬೀಳುವ ಮೊದಲೇ, ನಾಲ್ಕು ಚಕ್ರದ ಮೋಟಾರು ಗಾಡಿಯೊಂದಕ್ಕೆ ನಾಯಿಗಳನ್ನು ಕಟ್ಟಿ ಮಣ್ಣಿನ ದಾರಿಯಲ್ಲಿ ಎಳೆಸಬೇಕು. ದಪ್ಪ ತುಪ್ಪಳದ ಈ ನಾಯಿಗಳಿಗೆ ನಮಗೆ ಹಿತವೆನಿಸುವ ಹವೆಯೂ ಸೆಕೆಯೇ ಆದ್ದರಿಂದ, ಈ ಕೆಲಸ ಬೆಳಗಿನ ಜಾವಕ್ಕೆ ಮುಂಚೆ ಇಲ್ಲವೇ ರಾತ್ರಿ ಊಟದ ನಂತರ ನಡೆಯುತ್ತದೆ. ಅಂದರೆ ಮಗಳನ್ನು ಎಬ್ಬಿಸಿ ಶಾಲೆಗೆ ಹೊರಡಿಸುವ ಹೊತ್ತಿಗೆ, ಅಥವಾ ಅವಳನ್ನು ಮಲಗಿಸುವ ಹೊತ್ತಿಗೆ, ನಾನು ಮನೆಯಲ್ಲಿರುವುದಿಲ್ಲ. ಡಿಸೆಂಬರ್ ನಡುವಿಗೆ ಬಂದಾಗ ಹಗಲು ನಾಲ್ಕು ಗಂಟೆಗಿಂತ ಕಡಿಮೆ, ಉಷ್ಣಾಂಶ ಹಲವು ಸಲ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಆ ಚಳಿಯಲ್ಲೂ ದಿನಕ್ಕೆ ಎರಡು ಹೊತ್ತು ನಾಯಿಗಳ ಮಲ ಎತ್ತಬೇಕು, ಗೂಡುಗಳಿಗೆ ಹೊಸ ಹುಲ್ಲು ಹಾಕಬೇಕು, ಬಿಸಿನೀರಿನಲ್ಲಿ ಮಾಂಸದ ಚೂರು ಕದಡಿ ಕುಡಿಸಬೇಕು. ಬರೀ ನೀರನ್ನಿಟ್ಟರೆ ನಾಯಿಗಳು ಸಾಕಷ್ಟು ಕುಡಿಯುವುದಿಲ್ಲ, ನೀರು ಸಾಲದ ನಾಯಿ ಓಡುವುದಿಲ್ಲ. ನಮ್ಮ ಮನೆಗೆ ನಲ್ಲಿಯಿಲ್ಲ. ಈ ಭಾಗದ ಎಷ್ಟೋ ಮರದ ಮನೆಗಳಂತೆ ನಾವೂ ಪೇಟೆಯಿಂದ ಟ್ರಕ್ಕಿನಲ್ಲಿ ನೀರು ತರುತ್ತೇವೆ. ಆದ್ದರಿಂದ ನಾಯಿಗಳಿಗೆ ಹೆಚ್ಚು ನೀರು ಬೇಕಾದ ವಾರ ಮನೆಯಲ್ಲಿ ಸ್ನಾನಗಳು ಕಡಿಮೆಯಾಗುತ್ತವೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನನ್ನ ತಾಯಿ ಒಂದು ಚಳಿಗಾಲ ಬಂದು ನಮ್ಮೊಡನಿದ್ದರು. ಇದನ್ನೆಲ್ಲ ನೋಡಿ ಅವರು ಹೇಳಿದ್ದು ಇಷ್ಟೇ: "ಇದು ನಮ್ಮ ಕೊಟ್ಟಿಗೆಯೇ ಕಣೇ. ದನ ಕಟ್ಟಿದ ಮೇಲೆ ಮದುವೆಗೆ ಹೋದರೂ ಹಾಲು ಕರೆಯುವ ಹೊತ್ತಿಗೆ ವಾಪಸು ಬರಬೇಕಲ್ಲ." ದೂರದಿಂದ ಓಟವನ್ನು ಮೆಚ್ಚುವ ಅನೇಕರಿಗಿಂತ ಅವರು ನಮ್ಮ ಬದುಕನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು.

ನಾನು ಹೆಚ್ಚಾಗಿ ಓಡುವುದು ಕಾಪರ್ ಬೇಸಿನ್ 300ರಲ್ಲಿ. ಫೇರ್‌ಬ್ಯಾಂಕ್ಸ್‌ನಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ದೂರದ ಗ್ಲೆನಾಲೆನ್ ಸುತ್ತಮುತ್ತ, ಜನವರಿಯಲ್ಲಿ ನಡೆಯುವ 300 ಮೈಲಿಯ ಓಟವಿದು. ಚಳಿಗೂ, ಹೆಪ್ಪುಗಟ್ಟಿದ ನದಿಯ ಮಂಜುಗಡ್ಡೆಯ ಮೇಲೆ ಉಕ್ಕಿ ನಿಲ್ಲುವ ನೀರಿಗೂ ಇದು ಹೆಸರಾಗಿದೆ. ನಾಯಿಗಳ ಪಾದಗಳಿಗೆ ತೊಡಿಸುವ ಬಟ್ಟೆಯ ಬೂಟಿಗಳು ಆ ನೀರಿನಲ್ಲಿ ಒದ್ದೆಯಾದರೆ ಕ್ಷಣದಲ್ಲಿ ಕಲ್ಲಾಗುವುದರಿಂದ, ಕೂಡಲೇ ಬಂಡಿ ನಿಲ್ಲಿಸಿ ಎಲ್ಲವನ್ನೂ ಬದಲಿಸಬೇಕು. ಹನ್ನೆರಡು ನಾಯಿಗಳಿಗೆ 48 ಬೂಟಿಗಳು. ಕೈಗವಸು ಹಾಕಿಕೊಂಡು ಅವುಗಳ ಪಟ್ಟಿ ಬಿಗಿಯಲು ಬರುವುದಿಲ್ಲವಾದ್ದರಿಂದ ಬರಿಗೈಯಲ್ಲೇ ಕಟ್ಟಬೇಕು. ನನ್ನ ಬೆರಳ ತುದಿಗಳಲ್ಲಿ ಈಗಲೂ ಸ್ಪರ್ಶ ಮಂದವಾಗಿದೆ.

ಚೆಕ್‌ಪಾಯಿಂಟ್, ಅಂದರೆ ಓಟದ ದಾರಿಯಲ್ಲಿನ ತಂಗುದಾಣ, ತಲುಪಿದೊಡನೆ ವಿಶ್ರಾಂತಿ ಸಿಗುವುದು ನಾಯಿಗಳಿಗೆ, ನಮಗಲ್ಲ. ಎಳೆಹಗ್ಗ ಕಳಚಿ, ಬೂಟಿ ತೆಗೆದು, ಹುಲ್ಲು ಹಾಸಿ, ಮೆಥನಾಲ್ ಒಲೆ ಹಚ್ಚಿ, ನೀರು ಕಾಯಿಸಿ, ಹೆಪ್ಪುಗಟ್ಟಿದ ಮಾಂಸವನ್ನೂ ಕೊಬ್ಬನ್ನೂ ಕರಗಿಸಿ ಉಣಬಡಿಸಬೇಕು. ಓಟದಲ್ಲಿರುವ ಒಂದೊಂದು ನಾಯಿಗೂ ದಿನಕ್ಕೆ ಸುಮಾರು 10,000 ಕ್ಯಾಲರಿಯಷ್ಟು ಆಹಾರ ಬೇಕು. ಆಮೇಲೆ ಪಾದಗಳಿಗೆ ಮುಲಾಮು, ಮಣಿಕಟ್ಟುಗಳಿಗೆ ಮಾಲೀಸು, ಪಶುವೈದ್ಯರ ತಪಾಸಣೆ. ಆರು ಗಂಟೆಯ ನಿಲುಗಡೆಯಲ್ಲಿ ನನಗೆ ಒಂದು ಗಂಟೆ ನಿದ್ದೆ ದಕ್ಕಿದರೆ ಅದೇ ಹೆಚ್ಚು. ಎರಡನೆಯ ರಾತ್ರಿಯ ಹೊತ್ತಿಗೆ ತಲೆದೀಪದ ಬೆಳಕಿನಲ್ಲಿ ಇಲ್ಲದ ಮನೆಗಳೂ ಇಲ್ಲದ ಜನರೂ ಕಾಣತೊಡಗುತ್ತಾರೆ. ಆಗ ನಾನು ನಂಬುವುದು ಮುಂದಾಳು ನಾಯಿ ಶರಾವತಿಯನ್ನು. ಒಂದೇ ಸೂಲಿನ ಮರಿಗಳಿಗೆ ಒಂದೇ ಬಗೆಯ ಹೆಸರಿಡುವುದು ಇಲ್ಲಿನ ರೂಢಿ; ಆ ಸೂಲಿಗೆ ನಮ್ಮ ನಾಡಿನ ನದಿಗಳ ಹೆಸರನ್ನಿಟ್ಟವಳು ಮಗಳು.

ಮನೆಯಲ್ಲಿ ಉಳಿದವರ ಪಾಡು ಬೇರೆ. ಬಂಡಿಗೆ ಕಟ್ಟಿದ ಜಿಪಿಎಸ್‌ನಿಂದಾಗಿ ನಾನೆಲ್ಲಿದ್ದೇನೆಂದು ನಕಾಶೆಯಲ್ಲಿ ಕಾಣಿಸುತ್ತದೆ; ಅದು ಧೈರ್ಯವನ್ನೂ ಕೊಡುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ. ಗುರುತು ಒಂದೇ ಕಡೆ ಬಹಳ ಹೊತ್ತು ನಿಂತರೆ, ನಾನು ನಾಯಿಗಳಿಗೆ ತಿಂಡಿ ಕೊಡುತ್ತಿರಬಹುದು, ದಾರಿಗೆ ಅಡ್ಡ ಬಂದ ಕಡವೆಯಂಥ ದೈತ್ಯ ಮೂಸ್ ಎದುರು ನಿಂತಿರಬಹುದು, ಬಿದ್ದಿರಲೂಬಹುದು. ಅವರಿಗೆ ತಿಳಿಯುವ ದಾರಿಯಿಲ್ಲ. ಕುಂಟತೊಡಗಿದ ಅಥವಾ ಬಳಲಿದ ನಾಯಿಯನ್ನು ಚೆಕ್‌ಪಾಯಿಂಟಿನಲ್ಲಿ ಬಿಟ್ಟು ಮುಂದೆ ಹೋಗಬೇಕು. ಅದನ್ನು ಕರೆತಂದು ಆರೈಕೆ ಮಾಡುವವರು ನನ್ನ ಪತಿ. ಅವರ ಶಾಲೆಯ ರಜೆಗಳೆಲ್ಲ ಹೀಗೆಯೇ ಖರ್ಚಾಗುತ್ತವೆ. ಊರಿಗೆ ಬರಲು ಕೂಡಿಟ್ಟ ವಿಮಾನದ ಹಣ ನಾಯಿಗಳ ಆಹಾರಕ್ಕೆ ಹೋದ ವರ್ಷಗಳೂ ಇವೆ, ಮತ್ತು ಆ ವರ್ಷಗಳಲ್ಲಿ ಮಗಳು ಅಜ್ಜಿಯನ್ನು ಕಂಡದ್ದು ಫೋನಿನಲ್ಲಿ ಮಾತ್ರ.

ಮಗಳಿಗೆ ಇದರಿಂದ ದೊರೆತದ್ದನ್ನೂ ಹೇಳಲೇಬೇಕು. ಮರಿಗಳನ್ನು ಹುಟ್ಟಿದ ವಾರದಿಂದಲೇ ಎತ್ತಿ ಆಡಿಸಿದರೆ ಅವು ಮುಂದೆ ಪಶುವೈದ್ಯರ ಕೈಗೂ ಅಪರಿಚಿತರ ಸದ್ದಿಗೂ ಹೆದರುವುದಿಲ್ಲ. ಆ ಕೆಲಸ ನಮ್ಮಲ್ಲಿ ಪೂರ್ತಿ ಅವಳದು. ಯಾವ ನಾಯಿ ಊಟ ಬಿಟ್ಟಿದೆ, ಯಾವುದು ಕಾಲು ನೆಕ್ಕಿಕೊಳ್ಳುತ್ತಿದೆ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಓಡುವ ವಯಸ್ಸು ದಾಟಿದ ನಾಯಿಗಳು ಅವಳ ಹಟದಿಂದಾಗಿ ಮನೆಯೊಳಗೇ ಮಲಗುತ್ತವೆ. ಆದರೂ ಅವಳ ಶಾಲೆಯ ಚಳಿಗಾಲದ ಕಾರ್ಯಕ್ರಮಗಳಲ್ಲಿ ನಾನು ಇರದ ದಿನಗಳನ್ನು ಇದು ತುಂಬಿಕೊಡುತ್ತದೆಂದು ನಾನು ನಂಬುವುದಿಲ್ಲ. ಅವಳು ಒಮ್ಮೆ, "ಅಮ್ಮಾ, ಓಟ ಯಾಕೆ ಯಾವಾಗಲೂ ಜನವರಿಯಲ್ಲೇ ಇರಬೇಕು?" ಎಂದು ಕೇಳಿದಳು. ಹಿಮ ಗಟ್ಟಿಯಾಗಿರುತ್ತದೆ ಎಂಬ ಉತ್ತರ ಅವಳಿಗೆ ಸಾಕಾಗಲಿಲ್ಲ.

ಆಂಕರೇಜ್‌ನಿಂದ ನೋಮ್‌ವರೆಗೆ ಸಾವಿರ ಮೈಲಿ ಸಾಗುವ ಇಡಿಟರಾಡ್‌ಗೆ ಏಕೆ ಹೋಗಿಲ್ಲವೆಂದು ಎಲ್ಲರೂ ಕೇಳುತ್ತಾರೆ. 1973ರಲ್ಲಿ ಆರಂಭವಾದ ಆ ಓಟದ ಇತಿಹಾಸವನ್ನು ನೋಡಿದರೆ ಅದು ಕುಟುಂಬಗಳ ಇತಿಹಾಸವೂ ಹೌದು. 1978ರಲ್ಲಿ ಡಿಕ್ ಮ್ಯಾಕಿ ಒಂದೇ ಸೆಕೆಂಡಿನ ಅಂತರದಲ್ಲಿ ಗೆದ್ದರು. ಅವರ ಮಗ ರಿಕ್ 1983ರಲ್ಲಿ, ಇನ್ನೊಬ್ಬ ಮಗ ಲ್ಯಾನ್ಸ್ 2007ರಿಂದ ಸತತ ನಾಲ್ಕು ವರ್ಷ ಗೆದ್ದರು. ಸೀವಿ ಮನೆತನದಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಓಡಿದ್ದಾರೆ. ನಾಲ್ಕು ಸಲ ಗೆದ್ದ ಸೂಸನ್ ಬುಚರ್ ಮಾತ್ರ 1990ರ ದಶಕದ ನಡುವಿನಲ್ಲಿ ಮಕ್ಕಳಿಗಾಗಿ ಓಟವನ್ನು ಬಿಟ್ಟರು. ಮ್ಯಾಕಿ, ಸೀವಿಯವರ ಸಾಧನೆಗೆ ನನ್ನ ಗೌರವವಿದೆ; ಆದರೆ ನನ್ನ ಮನಸ್ಸು ಹೆಚ್ಚು ಸಲ ಹೋಗುವುದು ಬುಚರ್ ಅವರ ನಿರ್ಧಾರದ ಕಡೆಗೆ. ಸಣ್ಣ ಮಕ್ಕಳಿರುವ, ಒಬ್ಬರ ಸಂಬಳದ ಮನೆಯಲ್ಲಿ ಸಾವಿರ ಮೈಲಿಯ ತಯಾರಿ ನಡೆಯಬೇಕಾದರೆ ಇಬ್ಬರಿಗೂ ಅದು ಸಮನಾಗಿ ಬೇಕಾಗಿರಬೇಕು. ಒಬ್ಬರ ಆಸೆಗೆ ಇನ್ನೊಬ್ಬರು ತಲೆಬಾಗಿದರೆ ಸಾಲದು.

ನಾವು ಪ್ರತಿ ವರ್ಷ ಮೇ ತಿಂಗಳಲ್ಲಿ, ಹಿಮ ಕರಗಿದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕುಳಿತು ಮುಂದಿನ ಚಳಿಗಾಲವನ್ನು ತೀರ್ಮಾನಿಸುತ್ತೇವೆ: ಯಾವ ಓಟ, ಎಷ್ಟು ಹಣ, ಊರಿಗೆ ಹೋಗುವುದು ಯಾವಾಗ. ಇಬ್ಬರಲ್ಲಿ ಯಾರು ಬೇಡವೆಂದರೂ ಆ ಓಟ ಬಿದ್ದುಹೋಗುತ್ತದೆ, ಕಾರಣ ಕೇಳುವಂತಿಲ್ಲ. ಕಳೆದ ಬಾರಿಯಿಂದ ಮಗಳೂ ಮೇಜಿಗೆ ಬರುತ್ತಿದ್ದಾಳೆ. ಫೆಬ್ರವರಿಯ ಒಂದು ವಾರಾಂತ್ಯವನ್ನು ಅವಳು ತನಗಾಗಿ ಕಾದಿರಿಸಿಕೊಂಡಳು. ಅವಳು ಹೈಸ್ಕೂಲಿಗೆ ಹೋಗುವವರೆಗೆ 300 ಮೈಲಿಗಳಿಗಿಂತ ದೂರದ ಓಟ ಬೇಡವೆಂದು ಒಪ್ಪಿಕೊಂಡಿದ್ದೇವೆ. ಆ ಹೊತ್ತಿಗೆ ಶರಾವತಿಗೆ ವಯಸ್ಸಾಗಿರುವುದರಿಂದ ಅವಳ ಮರಿಗಳ ತಂಡ ಕಟ್ಟಬೇಕು, ಮರಿಗಳಿಗೆ ಜಾಗ ಬೇಕು. ಆದರೂ ಅಂಗಳದಲ್ಲಿ ಇಪ್ಪತ್ತೆರಡಕ್ಕಿಂತ ಹೆಚ್ಚು ನಾಯಿಗಳಿರಬಾರದು ಎಂಬ ಮಾತನ್ನು ಈ ಮೇ ತಿಂಗಳಲ್ಲಿ ಮತ್ತೆ ಉಳಿಸಿಕೊಂಡಿದ್ದೇವೆ.