ತೊಡೆ ಪೂರ್ತಿ ಬಿಚ್ಚದೆ ಪ್ಲೇಟ್ ಹಾಕಿದ್ದು

ತೊಡೆಮೂಳೆ ಸೊಂಟದ ಹತ್ತಿರ ಮುರಿದರೆ ನಾನು ಮೊದಲು ಯೋಚಿಸುವುದು ಮೂಳೆಯ ಒಳಗೆ ತೂರಿಸುವ ರಾಡನ್ನೇ. ಆದರೆ ಬೈಕಿನಿಂದ ಬಿದ್ದ ಈ ರೋಗಿಯ ಎಕ್ಸ್‌-ರೇಯಲ್ಲಿ ಬಿರುಕು ರಾಡ್ ಒಳಹೋಗುವ ಜಾಗದವರೆಗೂ ಹಬ್ಬಿತ್ತು. ಮೂಳೆಯ ಒಳದಾರಿಯೂ ತೀರಾ ಕಿರಿದು. ಹಾಗಾಗಿ ಲಾಕಿಂಗ್ ಪ್ಲೇಟ್, ಅಂದರೆ ಸ್ಕ್ರೂಗಳು ಪ್ಲೇಟಿಗೇ ಬಿಗಿಯಾಗಿ ಕೂರುವ ಲೋಹದ ಪಟ್ಟಿ, ಅದೂ ಕೊಯ್ದ ಎರಡು ಸಣ್ಣ ಗಾಯಗಳಲ್ಲಿ ಎಂದು ತೀರ್ಮಾನಿಸಿದೆ.

"ಸಣ್ಣ ಗಾಯ ಅಂದ್ರೆ ಸಣ್ಣ ಆಪರೇಷನ್ ಅಲ್ವಾ ಸಾರ್?" ಎಂದ ರೋಗಿಯ ತಮ್ಮ. ಅಲ್ಲಪ್ಪ, ಮೂಳೆ ಕಣ್ಣಿಗೆ ಕಾಣಲ್ಲ, ಅದಕ್ಕೇ ಕೆಲಸ ಜಾಸ್ತಿ ಎಂದೆ.

ಇಲ್ಲಿ ಮುರಿದರೆ ಸ್ನಾಯುಗಳು ಸುಮ್ನೆ ಇರುವುದಿಲ್ಲ. ಮೇಲಿನ ತುಂಡು ಮುಂದಕ್ಕೆ ಏಳುತ್ತದೆ, ಹೊರಕ್ಕೆ ವಾಲುತ್ತದೆ, ಹೊರಗೇ ತಿರುಗುತ್ತದೆ. ಫ್ರ್ಯಾಕ್ಚರ್ ಟೇಬಲ್ ಮೇಲೆ ಕಾಲೆಳೆದರೆ ಉದ್ದವೇನೋ ಬರುತ್ತದೆ, ಮೇಲಿನ ತುಂಡು ಮಾತು ಕೇಳಲ್ಲ. ಅದಕ್ಕೆ ಶಾಂಝ್ ಪಿನ್ ಎಂಬ ತಿರುಪಿನ ದಪ್ಪ ಕಡ್ಡಿಯೊಂದನ್ನು ಹಾಕಿ, ಅದನ್ನೇ ಹಿಡಿಯಾಗಿಸಿ ಒತ್ತಿ ತಿರುಗಿಸಿದೆ. ಜೋಡಣೆ ಸರಿಯಾಗುವವರೆಗೆ ಪ್ಲೇಟ್ ಮುಟ್ಟಲಿಲ್ಲ. ಲಾಕಿಂಗ್ ಸ್ಕ್ರೂ ಮೂಳೆಯನ್ನು ಪ್ಲೇಟಿನ ಕಡೆ ಎಳೆಯುವುದಿಲ್ಲ. ಸೊಟ್ಟಗಿದ್ದರೆ ಸೊಟ್ಟಗೇ ಹಿಡಿದಿಡುತ್ತದೆ.

ತಿರುವನ್ನು ಅಳೆಯುವುದೇ ನಿಜವಾದ ತಲೆನೋವು. ಶುರುವಿಗೆ ಮುಂಚೆಯೇ ಚೆನ್ನಾಗಿರುವ ಕಾಲಿನ ಮಂಡಿಚಿಪ್ಪನ್ನು ನೇರ ಮೇಲಕ್ಕಿಟ್ಟು, ಲೆಸ್ಸರ್ ಟ್ರೊಕ್ಯಾಂಟರ್ ಎಂಬ ಒಳಬದಿಯ ಗುಬ್ಬು ಎಷ್ಟು ಕಾಣುತ್ತದೆ ಎಂದು ಸಿ-ಆರ್ಮ್ ಎಂಬ ಆಪರೇಷನ್ ಕೋಣೆಯ ಎಕ್ಸ್‌-ರೇ ಯಂತ್ರದಲ್ಲಿ ಉಳಿಸಿಕೊಂಡಿದ್ದೆ. ಮುರಿದ ಕಡೆ ಆ ಗುಬ್ಬು ದಪ್ಪಗೆ ಕಂಡರೆ ಮೇಲಿನ ತುಂಡು ಇನ್ನೂ ಹೊರಗೆ ತಿರುಗಿದೆ ಎಂದರ್ಥ. ಪುಣ್ಯಕ್ಕೆ ಇವರಲ್ಲಿ ಆ ಗುಬ್ಬು ಮುರಿದಿರಲಿಲ್ಲ. ಎರಡೂ ಚಿತ್ರ ಅಕ್ಕಪಕ್ಕ ಇಟ್ಟು, ಸ್ವಲ್ಪಸ್ವಲ್ಪವೇ ತಿರುಗಿಸಿ ಹೊಂದಿಸಿದೆ.

ಆಮೇಲೆ ಮೇಲಿನ ಗಾಯದಿಂದ, ತೊಡೆಯ ಹೊರಬದಿಯ ವಾಸ್ಟಸ್ ಸ್ನಾಯುವಿನ ಅಡಿಯಲ್ಲಿ ಪ್ಲೇಟ್ ಜಾರಿಸಿದೆ. ತುದಿ ಮೂಳೆಗೆ ಉಜ್ಜುವುದು ಕೈಗೆ ತಿಳಿಯುತ್ತದೆ. ಆ ಉಜ್ಜು ತಪ್ಪಿದರೆ ಪ್ಲೇಟ್ ಹಿಂದಕ್ಕೋ ಮುಂದಕ್ಕೋ ಹೋಗಿದೆ ಅಂತಲೇ. ಮೂಳೆಯ ಕತ್ತಿನೊಳಗೆ ಗೈಡ್ ವೈರ್, ಅಂದರೆ ಸ್ಕ್ರೂಗೆ ದಾರಿ ತೋರುವ ತಂತಿ, ಹೋಗಿದ್ದನ್ನು ಎರಡೂ ಕೋನದಲ್ಲಿ ನೋಡಿಯೇ ಸ್ಕ್ರೂ ಹಾಕಿದ್ದು. ಮುರಿದ ಜಾಗದ ಎದುರಿನ ತೂತುಗಳನ್ನು ಬೇಕೆಂದೇ ಖಾಲಿ ಬಿಟ್ಟೆ. ಅಲ್ಲಿ ತುಸು ಅಲುಗಾಟ ಇದ್ದರೇ ಹೊಸ ಮೂಳೆ ಬೆಳೆಯುವುದು. ಹೀಗೆ ಜಾರಿಸಿದರೆ ಮೂಳೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚು ಉಳಿಯುತ್ತವೆ ಎಂದು 1990ರ ದಶಕದಲ್ಲೇ ಮೃತದೇಹಗಳಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ.

ಮರುದಿನವೇ ಕೂರಿಸಿ ಮಂಡಿ ಮಡಚಿಸಿದೆವು. ವಾಕರ್ ಹಿಡಿದು ಕಾಲ್ಬೆರಳು ನೆಲಕ್ಕೆ ತಾಗಿಸಬಹುದು, ಭಾರ ಬೇಡ ಎಂದೆ. "ಗಾಯ ಇಷ್ಟೇ ಇದೆಯಲ್ಲ, ನಡೆದ್ರೆ ಏನಾಗುತ್ತೆ?" ಎಂದರು ರೋಗಿ. ಬೇಗ ಭಾರ ಹಾಕಿ ಪ್ಲೇಟ್ ಮುರಿದುಕೊಂಡವರೊಬ್ಬರ ಹಳೆಯ ಎಕ್ಸ್‌-ರೇ ಒಂದನ್ನು ತೋರಿಸಿದೆ. ಒಳಬದಿಯಲ್ಲಿ ಮೂಳೆ ಕೂಡಿದ್ದು ಎಕ್ಸ್‌-ರೇಯಲ್ಲಿ ಕಾಣುವವರೆಗೆ ಅವರು ವಾಕರ್ ಬಿಡಲಿಲ್ಲ.